ಸ್ನೇಹದ ಕರಾರು, ಸಾಲದ ಕರಾರು
(ಹುಣಸಗಿಯ ಸಭೆಯಲ್ಲಿ ಮಾಡಿದ ಭಾಷಣ)



ಪರದೇಶದ ಬಂಡವಾಳದ ಒಪ್ಪಂದಗಳಿಗೂ ನಮ್ಮ ಹುಣಸಗಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವಿರುವುದು, ಅದು ಬಹಳ ಹಳೆಯದು.

1800ರಲ್ಲಿ ನಿಜಾಮರು ಇಂಗ್ಲಿಷ್ ಕಂಪನಿಯೊಡನೆ ಸ್ನೇಹದ ಕರಾರು ಮಾಡಿಕೊಂಡರು. ಬರಬರುತ್ತ ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿನ ಕಂಟಿಂಜೆಂಟ್ ದಂಡು ಬೆಳೆಯಿತು. ಅದರ ಸಂಬಳದ ಬಾಕಿಯು ನಿಜಾಮರ ತಲೆಗೆ ಸಾಲವಾಯಿತು. 1853ರಲ್ಲಿ ಆ ನಿಮಿತ್ತವಾಗಿ ವರ್ಹಾಡ, ಧಾರಾಶಿವಗಳೊಡನೆ ನಮ್ಮ ಹೊಳೆಯಾಚೆಯ ರಾಯಚೂರು ದೋಆಬವೂ ಕಂಪನಿಯ ವಶಕ್ಕೆ ಹೋಯಿತು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ವಿರುದ್ಧ ಎದ್ದು ರಾಜ್ಯವನ್ನು ಕಳೆದುಕೊಂಡರು. 1860ರಲ್ಲಿ ದೋಆಬವು ನಿಜಾಮರಿಗೆ ಮರಳಿತು, 50 ಲಕ್ಷ ರೂಪಾಯಿಯ ಸಾಲವು ಮನ್ನಾ ಆಯಿತು, ಸುರಪುರವೂ ಅವರಿಗೇ ಸಂದಿತು. ಅವರಿಬ್ಬರ ಮೈತ್ರಿಯು ಗಟ್ಟಿಯಾಯಿತು. ಅದರ ಬೆಲೆಯು ನಾವಾದೆವು. ಕನ್ನಡಿಗರನ್ನು ಯಾರೂ ಕೇಳಲಿಲ್ಲ. ಹರಿದುಹೋದ ನಾಡು ಒಂದಾಗಲು 1956ರ ನವೆಂಬರ್ 1ರ ವರೆಗೆ ಕಾಯಬೇಕಾಯಿತು.

ಇಂದು ಹಣ ಹೂಡಿದವನು ದಂಡನ್ನು ತರುವುದಿಲ್ಲ. ಪಂಚಾಯತರ ಮುಂದೆ ದಾವೆ ತರುವನು. ಬೆಂಗಳೂರಿನ ಆ್ಯಂಟ್ರಿಕ್ಸ್ ಸಂಸ್ಥೆಯು ದೇವಾಸ್ ಕಂಪನಿಯೊಡನೆ 2005ರಲ್ಲಿ ಮಾಡಿದ ಕರಾರನ್ನು 2011ರಲ್ಲಿ ಮುರಿಯಲಾಯಿತು. ಆಮೇಲೆ ಮಾರಿಷಸ್ಸಿನ ಹೂಡಿಕೆದಾರರು 1998ರ ಒಪ್ಪಂದವನ್ನೂ, ಜರ್ಮನಿಯ ಡಾಯಿಚ್ ಟೆಲಿಕಾಂ 1995ರ ಒಪ್ಪಂದವನ್ನೂ ಹಿಡಿದು ನಮ್ಮ ಸರಕಾರದ ಮೇಲೆ ಹೋದರು. ಎರಡು ಕಡೆಯೂ ತೀರ್ಪು ನಮಗೆ ವಿರುದ್ಧವಾಯಿತು. ದೇವಾಸ್ ಕಂಪನಿಯ ವ್ಯವಹಾರವು ಮೋಸದ್ದೆಂದು ನಮ್ಮ ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದರೂ ಹೊರಗಿನ ಜಗಳವು ನಿಲ್ಲಲಿಲ್ಲ.

ಇದರಲ್ಲಿ ಒಂದು ಗುಣವುಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಜಗಳವು ಕಂಪನಿಗೂ ಸರಕಾರಕ್ಕೂ ಆದುದರಿಂದ ಜರ್ಮನಿಯೊಡನೆ ನಮ್ಮ ಸ್ನೇಹವು ಮುರಿಯಲಿಲ್ಲ. ಆದರೆ ಸ್ನೇಹಿತನೆಂಬ ಭರವಸೆಯಿಂದ ಕಾಗದವನ್ನು ಓದದೆ ಸಹಿ ಹಾಕಬಾರದೆಂಬ ಪಾಠವನ್ನು ನಾವು ಕಲಿತೆವು. 2015ರ ಹೊಸ ಮಾದರಿಯಲ್ಲಿ, ಹೊರಗೆ ಹೋಗುವ ಮೊದಲು ಹೂಡಿಕೆದಾರನು 5 ವರ್ಷ ನಮ್ಮ ನ್ಯಾಯಾಲಯಗಳಲ್ಲಿ ಪರಿಹಾರ ಹುಡುಕಬೇಕೆಂದು ವಿಧಿಸಲಾಯಿತು. ಹಳೆಯ ಒಪ್ಪಂದಗಳಲ್ಲಿ ಬಹುಪಾಲನ್ನು ರದ್ದು ಮಾಡಲಾಯಿತು. ಆದರೂ 2024ರಲ್ಲಿ ಸಂಯುಕ್ತ ಅರಬ್ ರಾಜ್ಯಗಳೊಡನೆ ಮಾಡಿದ ಒಪ್ಪಂದದಲ್ಲಿ ಆ 5 ವರ್ಷವು 3 ಆಯಿತು. ಮೈತ್ರಿ ಬೇಕೆಂದಾಗ ಕಟ್ಟಳೆ ಸಡಿಲವಾಗುವುದು ಹೀಗೆ.

ಬಂಡವಾಳವು ಬೇಡವೆಂದು ನಾವು ಹೇಳುವುದಿಲ್ಲ, ಸ್ನೇಹವೂ ಬೇಕು. ಆದರೆ ಇಂಥ ಪ್ರತಿಯೊಂದು ಕರಾರೂ ಸಹಿಯಾಗುವ ಮೊದಲು ಕನ್ನಡದಲ್ಲಿ ಅಚ್ಚಾಗಿ ನಮ್ಮ ಕೈಗೆ ಬರಬೇಕು. ಇಲ್ಲಿ ಕುಳಿತಿರುವ ಉಪಾಧ್ಯಾಯರು ಅದನ್ನು ಊರವರಿಗೆ ಓದಿ ಹೇಳಬೇಕು. 1853ರಲ್ಲಿ ನಮ್ಮನ್ನು ಕೇಳಲಿಲ್ಲ. ಇನ್ನು ಮುಂದೆ ಕೇಳದೆ ಇರಲು ನಾವು ಬಿಡಬಾರದು.