ಮುಂಗಡದ ಋಣ



 ಮಾನವ ಕಳ್ಳಸಾಗಣೆಯ ತಡೆ ಮತ್ತು ವಲಸೆ ಕಾರ್ಮಿಕರ ರಕ್ಷಣೆ ಎಂಬ ಈ ವಿಚಾರಸಂಕಿರಣದ ವಿಷಯವನ್ನು ರಾಜಧಾನಿಯ ಸಭಾಭವನಗಳಲ್ಲಿ ಚರ್ಚಿಸುವುದು ಬೇರೆ. ಮಳೆ ತಪ್ಪಿದ ವರ್ಷ ಮನೆಯ ಬಾಗಿಲಿಗೆ ಬೀಗ ಜಡಿದು, ಮುದುಕರನ್ನು ಊರಿನಲ್ಲಿ ಬಿಟ್ಟು, ಸಂಸಾರಕ್ಕೆ ಸಂಸಾರವೇ ಗುಳೆ ಹೊರಡುವ ಯಾದಗಿರಿ, ರಾಯಚೂರು, ಕಲಬುರಗಿ ಸೀಮೆಯಲ್ಲಿ ಕುಳಿತು ಚರ್ಚಿಸುವುದು ಬೇರೆ. ಇಲ್ಲಿ ನೆರೆದಿರುವ ವಿದ್ಯಾರ್ಥಿಗಳಲ್ಲಿ ಹಲವರ ತಂದೆತಾಯಂದಿರು ಬೆಂಗಳೂರಿನ ಕಟ್ಟಡಗಳಿಗೂ ಗೋವೆಯ ರಸ್ತೆಗಳಿಗೂ ಕಲ್ಲುಮಣ್ಣು ಹೊತ್ತವರೆಂಬುದನ್ನು ನಾನು ಬಲ್ಲೆ. ಆದಕಾರಣ ಈ ವಿಷಯದಲ್ಲಿ ಅಲಂಕಾರದ ಮಾತನ್ನಾಡುವ ಅಧಿಕಾರ ಇಲ್ಲಿ ಯಾರಿಗೂ ಇಲ್ಲ.

ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ನೆಲೆಯೂರಿರುವ ಅಭಿಪ್ರಾಯವನ್ನು ಮೊದಲೇ ನಿವೇದಿಸಿಬಿಡುತ್ತೇನೆ. ಸರ್ಕಾರವೂ ವಿದ್ವಾಂಸರೂ ಸೇವಾಸಂಸ್ಥೆಗಳೂ ಮನುಷ್ಯನನ್ನು ಹೇಗೆ ಸಾಗಿಸಿಕೊಂಡು ಹೋದರು, ಯಾರು ಸಾಗಿಸಿದರು, ಏನು ಸುಳ್ಳು ಹೇಳಿ ಸಾಗಿಸಿದರು ಎಂಬ ವಿಚಾರಣೆಯಲ್ಲಿಯೇ ಮಗ್ನವಾಗಿ, ಅವನು ಊರಿನಿಂದ ಹೊರಡುವ ಮುಂಚೆಯೇ ಅವನ ಕೈಗೆ ಬಿದ್ದ ಮುಂಗಡದ ಹಣವೆಂಥದು, ಅದು ಅವನನ್ನು ಹೇಗೆ ಕಟ್ಟಿಹಾಕಿತು ಎಂಬ ಪ್ರಶ್ನೆಯನ್ನು ಬದಿಗೆ ಸರಿಸಿದವು. ಈ ಕ್ಷೇತ್ರ ದಾರಿ ತಪ್ಪಿದ್ದು ಇಲ್ಲಿಯೇ.

ನಮ್ಮ ಸಂವಿಧಾನದ 23ನೆಯ ಅನುಚ್ಛೇದವು ಮನುಷ್ಯರ ದುರ್ವ್ಯಾಪಾರವನ್ನೂ ಬಿಟ್ಟಿ ಬೇಗಾರಿಯನ್ನೂ ಬಲವಂತದ ದುಡಿಮೆಯನ್ನೂ ಒಂದೇ ವಾಕ್ಯದಲ್ಲಿ ನಿಷೇಧಿಸಿತು. ಸಂವಿಧಾನಕರ್ತರ ದೃಷ್ಟಿಯಲ್ಲಿ ಅವು ಒಂದೇ ವ್ಯಾಧಿಯ ಲಕ್ಷಣಗಳು. ತರುವಾಯ ಬಂದ ಶಾಸನಗಳು ಅವನ್ನು ಬೇರ್ಪಡಿಸಿದವು. 1956ರ ಕಾಯಿದೆ ವೇಶ್ಯಾವೃತ್ತಿಗಾಗಿ ನಡೆಯುವ ಸಾಗಣೆಯನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿತು. 1975ರ ಅಕ್ಟೋಬರಿನ ಸುಗ್ರೀವಾಜ್ಞೆ ಮತ್ತು 1976ರ ಕಾಯಿದೆ ಜೀತವನ್ನು ಹಿಡಿದು ಜಿಲ್ಲಾಧಿಕಾರಿಗಳಿಗೆ ಒಪ್ಪಿಸಿದವು. 1979ರ ಕಾಯಿದೆ ಅಂತರರಾಜ್ಯ ವಲಸೆ ಕಾರ್ಮಿಕನನ್ನು ಕಾರ್ಮಿಕ ಇಲಾಖೆಗೆ ಒಪ್ಪಿಸಿತು. ದೆಹಲಿಯ ಆ ಘೋರ ಅತ್ಯಾಚಾರದ ತರುವಾಯ 2013ರ ಫೆಬ್ರವರಿಯಲ್ಲಿ ಹೊರಟ ಸುಗ್ರೀವಾಜ್ಞೆಯು ಕಳ್ಳಸಾಗಣೆಯ ವ್ಯಾಖ್ಯೆಯಲ್ಲಿ ಬಲವಂತದ ದುಡಿಮೆಯನ್ನು ಹೆಸರಿಟ್ಟು ಸೇರಿಸಿತ್ತು. ಎರಡು ತಿಂಗಳೊಳಗೆ ಅದರ ಸ್ಥಾನದಲ್ಲಿ ಬಂದ ಕಾಯಿದೆಯಲ್ಲಿ ಆ ಮಾತು ಉಳಿಯಲಿಲ್ಲ. ಹೀಗೆ ಒಂದೇ ಕುಟುಂಬದ ತಾಯಿಯ ಕಷ್ಟ ಒಂದು ಕಚೇರಿಗೂ ತಂದೆಯ ಕಷ್ಟ ಇನ್ನೊಂದು ಕಚೇರಿಗೂ ಮಗನ ಕಷ್ಟ ಮತ್ತೊಂದು ಕಚೇರಿಗೂ ಸೇರುವಂತಾಯಿತು. ಆ ಮೂವರನ್ನೂ ಕಟ್ಟಿದ ಸಾಲ ಮಾತ್ರ ಯಾವ ಕಚೇರಿಗೂ ಸೇರಲಿಲ್ಲ.

ಕನ್ನಡದ ಓದುಗರಿಗೆ ಇದು ಹೊಸ ವಿಚಾರವಲ್ಲ. ಶಿವರಾಮ ಕಾರಂತರು 1933ರಲ್ಲಿಯೇ 'ಚೋಮನ ದುಡಿ'ಯಲ್ಲಿ ಇದನ್ನೆಲ್ಲ ಕಂಡಿದ್ದರು. ಚೋಮನ ಮಕ್ಕಳು ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋದದ್ದು ಯಾರೋ ಅಪಹರಿಸಿದ್ದರಿಂದಲ್ಲ, ತೋಟದ ಸಾಲ ತೀರಿಸುವುದಕ್ಕಾಗಿ; ಕೊನೆಗೆ ಆ ಸಾಲ ಹರಿದದ್ದು ಮಗಳು ಬೆಳ್ಳಿಯ ಮಾನವನ್ನು ತೆತ್ತು. ದುಡಿಮೆಯ ಶೋಷಣೆ ಯಾವುದು, ದೇಹದ ಶೋಷಣೆ ಯಾವುದು ಎಂದು ಆ ಕಥೆಯಲ್ಲಿ ಗೆರೆ ಎಳೆಯಲು ಹೊರಟವನು ಸೋಲುತ್ತಾನೆ. ಕಾದಂಬರಿಕಾರರು ಬಿಡಿಸದೆ ಒಂದಾಗಿ ತೋರಿದ್ದನ್ನು ನಮ್ಮ ಇಲಾಖೆಗಳು ಬಿಡಿಸಿ ಹಂಚಿಕೊಂಡಿವೆ.

ಈ ವಿಷಯದ ಮೇಲಿನ ವಿದ್ವತ್ ಸಾಹಿತ್ಯವನ್ನು ನಾನು ಇಲ್ಲಿ ಸಮೀಕ್ಷಿಸಲಾರೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ದಕ್ಷಿಣ ಗುಜರಾತಿನ ಕೂಲಿಗಾರರನ್ನು ಕುರಿತು ಯಾನ್ ಬ್ರೆಮನ್ ಅವರು ದಶಕಗಳ ಕಾಲ ನಡೆಸಿದ ಅಧ್ಯಯನದ ಋಣ ನಮ್ಮೆಲ್ಲರ ಮೇಲಿದೆ. ಹಳೆಯ ಜೀತ ವಂಶಪಾರಂಪರ್ಯದ್ದಾದರೆ ಹೊಸ ಜೀತ ಹಂಗಾಮಿನದು ಎಂಬ ತಿಳಿವಳಿಕೆಯನ್ನು ನಮಗೆ ಕೊಟ್ಟವರಲ್ಲಿ ಅವರು ಅಗ್ರಗಣ್ಯರು. 

ನಾನು ಪ್ರತ್ಯಕ್ಷ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ದೂರೊಂದರ ವಿಚಾರಣೆಗಾಗಿ ಬೆಂಗಳೂರಿನಾಚೆಯ ಒಂದು ಇಟ್ಟಿಗೆ ಗೂಡಿಗೆ ಹೊರಟ ಅಧಿಕಾರಿಗಳ ಸಂಗಡ ನಾನೂ ಹೋಗಿದ್ದೆ. ಅಲ್ಲಿದ್ದವರು ಒಡಿಶಾದ ಬಲಾಂಗೀರ್ ಕಡೆಯ ದಂಪತಿಗಳು. ದುಭಾಷಿಯ ಮೂಲಕ ಅವರಿಗೆ ಮೂರು ಪ್ರಶ್ನೆಗಳನ್ನು ಕೇಳಲಾಯಿತು: ನಿಮ್ಮನ್ನು ಹೊಡೆದಿದ್ದಾರೆಯೇ, ಕೂಡಿಹಾಕಿದ್ದಾರೆಯೇ, ಸುಳ್ಳು ಹೇಳಿ ಕರೆತಂದರೇ. ಮೂರಕ್ಕೂ ಇಲ್ಲವೆಂಬ ಉತ್ತರ ಬಂತು. ಜೀತ ಕಂಡುಬರಲಿಲ್ಲವೆಂದು ವರದಿ ಸಿದ್ಧವಾಯಿತು. ಅಷ್ಟರಲ್ಲಿ ಮೇಸ್ತ್ರಿಯ ಲೆಕ್ಕದ ಪುಸ್ತಕವನ್ನು ನಾನು ಕೇಳಿ ನೋಡಿದೆ. ಒಂದೊಂದು ಜೋಡಿಗೆ ಒಂದೊಂದು ಪುಟ. ಮೊದಲ ಸಾಲಿನಲ್ಲಿ ಭಾದ್ರಪದದಲ್ಲಿ ಅವರ ಊರಿನಲ್ಲಿಯೇ ಕೊಟ್ಟ ಮುಂಗಡ. ಅದರ ಕೆಳಗೆ ವಾರವಾರದ ಸಂತೆಖರ್ಚು, ಅಕ್ಕಿ, ಮಗುವಿನ ಔಷಧದ ಹಣ. ಕೂಲಿಯ ಕಾಲಂ ಪುಸ್ತಕದಲ್ಲೆಲ್ಲೂ ಇರಲಿಲ್ಲ. ವಿಚಾರಿಸಿದಾಗ, ಸಾವಿರ ಇಟ್ಟಿಗೆಗೆ ಇಷ್ಟೆಂಬ ಲೆಕ್ಕವನ್ನು ಮಳೆ ಹಿಡಿದು ಗೂಡು ಆರಿದ ಮೇಲೆ ಮಾಡುವುದು ವಾಡಿಕೆಯೆಂದು ಆತ ಯಾವ ಅಳುಕೂ ಇಲ್ಲದೆ ಹೇಳಿದ. ತನ್ನ ದುಡಿಮೆಯ ಬೆಲೆಯೇನೆಂದು ಹಂಗಾಮು ಮುಗಿಯುವವರೆಗೆ ತಿಳಿಯದ ಮನುಷ್ಯ ನಡುವೆ ಎದ್ದು ಹೋಗುವುದಾದರೂ ಹೇಗೆ? ಅಲ್ಲಿ ಬೀಗದ ಅವಶ್ಯಕತೆಯೇ ಇರಲಿಲ್ಲ.

ನಾವು ಹೊರಡುವಾಗ ಒಬ್ಬ ಹೆಂಗಸು ದುಭಾಷಿಯನ್ನು ಕರೆದು ಒಂದು ಮಾತು ಕೇಳಿದಳು: ನಮ್ಮನ್ನು ಇಲ್ಲಿಂದ ಬಿಡಿಸಿದರೆ ಮುಂದಿನ ನುಆಖಾಯಿ ಹಬ್ಬಕ್ಕೆ ಮೊದಲು ಹಣ ಕೊಡುವವರು ಯಾರು? ನುಆಖಾಯಿ ಪಶ್ಚಿಮ ಒಡಿಶಾದ ಹೊಸ ಅಕ್ಕಿಯ ಹಬ್ಬ. ಬರಿಗೈಯ ಆ ಕಾಲದಲ್ಲಿಯೇ ಅಲ್ಲಿಯ ಹಳ್ಳಿಗಳಿಗೆ ಕೂಲಿಗಾರರನ್ನು ಸೇರಿಸುವ ಸರದಾರರು ಮುಂಗಡದ ಹಣ ಹಿಡಿದು ಬರುತ್ತಾರೆ. ಆ ಪ್ರಶ್ನೆಗೆ ನಮ್ಮ ತಂಡದಲ್ಲಿ ಯಾರೂ ಉತ್ತರ ಕೊಡಲಿಲ್ಲ. ಇಂದಿಗೂ ಅದಕ್ಕೆ ತಕ್ಕ ಉತ್ತರವನ್ನು ನಾನು ಯಾವ ಗ್ರಂಥದಲ್ಲಿಯೂ ಕಂಡಿಲ್ಲ.

ಕಾನೂನು ಮುಂಗಡವನ್ನು ಅರಿಯದೆ ಇರಲಿಲ್ಲ. ಮೊದಮೊದಲು ಅರಿತದ್ದು ಯಜಮಾನನ ಪಕ್ಷದಿಂದ. 1859ರ ಕಾಯಿದೆಯ ಪ್ರಕಾರ ಮುಂಗಡ ಪಡೆದು ಕೆಲಸ ಬಿಟ್ಟುಹೋದ ಕೂಲಿಗಾರನನ್ನು ಸೆರೆಮನೆಗೆ ಕಳುಹಿಸಬಹುದಾಗಿತ್ತು. ಅಸ್ಸಾಮಿನ ಚಹಾ ತೋಟಗಳೂ ದಕ್ಷಿಣದ ಕಾಫಿ ತೋಟಗಳೂ ಅದರ ಬಲದ ಮೇಲೆ ಬೆಳೆದವು. ಆ ಕಾಯಿದೆ ರದ್ದಾದದ್ದು 1925ರಲ್ಲಿ. ಸ್ವತಂತ್ರ ಭಾರತ ತಕ್ಕಡಿಯನ್ನು ತಿರುಗಿಸಿತು. 1976ರ ಕಾಯಿದೆ ಜೀತದ ಸಾಲವನ್ನೇ ಅಳಿಸಿಹಾಕಿ, ಅದು ಜೀತದ ಸಾಲವಲ್ಲವೆಂದು ಸಾಧಿಸುವ ಹೊರೆಯನ್ನು ಸಾಲಿಗನ ಮೇಲೆ ಹೊರಿಸಿತು. 1982ರಲ್ಲಿ, ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಾಮಗಾರಿಯ ಕೂಲಿಗಾರರ ಮೊಕದ್ದಮೆಯಲ್ಲಿ, ಹಸಿವಿನ ಒತ್ತಾಯವೂ ಬಲವಂತವೇ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಭಗವತಿಯವರು ತೀರ್ಪಿತ್ತರು. 1983ರಲ್ಲಿ, ಹರಿಯಾಣದ ಕಲ್ಲುಕ್ವಾರಿಗಳ ಮೊಕದ್ದಮೆಯಲ್ಲಿ, ಬಲವಂತದ ದುಡಿಮೆ ಕಂಡಲ್ಲಿ ಅದರ ಹಿಂದೆ ಮುಂಗಡವಿದೆಯೆಂದೇ ಭಾವಿಸತಕ್ಕದ್ದು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ನ್ಯಾಯಪೀಠ ಇಷ್ಟು ಸ್ಪಷ್ಟವಾಗಿ ತೋರಿದ ಮಾರ್ಗವನ್ನು ಬಿಟ್ಟು, ಗೂಡಿನ ಬಾಗಿಲಲ್ಲಿ ನಾವು ಇನ್ನೂ ಹೊಡೆತ, ಬಡಿತ, ಬೀಗಗಳನ್ನು ಹುಡುಕುತ್ತಿದ್ದೇವೆ.

1979ರ ಕಾಯಿದೆಯ 19ನೆಯ ಕಲಮನ್ನು ಈ ಸಭೆಯ ಗಮನಕ್ಕೆ ವಿಶೇಷವಾಗಿ ತರಬಯಸುತ್ತೇನೆ. ಉದ್ಯೋಗದ ಅವಧಿಯಲ್ಲಿ ವಲಸೆ ಕಾರ್ಮಿಕನು ಗುತ್ತಿಗೆದಾರನಿಂದ ಪಡೆದ ಸಾಲದಲ್ಲಿ ಉಳಿದ ಬಾಕಿಯು ಅವಧಿ ಮುಗಿದೊಡನೆ ತಾನಾಗಿ ನಂದಿಹೋಯಿತೆಂದು ಅದು ವಿಧಿಸಿತು. ಆ ಕಾಯಿದೆಯನ್ನು ಒಳಗೊಂಡು 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಹೊಸ ಕಾರ್ಮಿಕ ಸಂಹಿತೆಯಲ್ಲಿಯೂ ಆ ವಿಧಿ ಉಳಿದಿದೆ. ಆದರೆ ಹಳೆಯ ಕಾಯಿದೆಯಲ್ಲಿದ್ದ ಸ್ಥಳಾಂತರ ಭತ್ಯೆ ಉಳಿದಿಲ್ಲ, ಕಾಯಿದೆ ಅನ್ವಯಿಸಲು ಐವರು ಕಾರ್ಮಿಕರಿದ್ದರೆ ಸಾಕೆಂಬ ಮಿತಿ ಹತ್ತಕ್ಕೆ ಏರಿದೆ. ಬಾಕಿಯನ್ನು ನಂದಿಸುವ ಆ ಅಮೂಲ್ಯವಾದ ವಿಧಿಯನ್ನು ಕೂಲಿಗಾರನಿಗೆ ಓದಿ ಹೇಳಿದ ಅಧಿಕಾರಿಯನ್ನು ನಾನು ಯಾವ ಗೂಡಿನಲ್ಲಿಯೂ ಕಂಡಿಲ್ಲ. ಇಲ್ಲಿ ನನ್ನನ್ನು ಬಹುಕಾಲ ಕಾಡಿರುವ ಸಂದೇಹವೊಂದಿದೆ. ಭಾದ್ರಪದದಲ್ಲಿ, ರೈಲು ಹತ್ತುವ ಮುಂಚೆ, ಅವನ ಅಂಗಳದಲ್ಲಿಯೇ ಕೊಟ್ಟ ಹಣ ಉದ್ಯೋಗದ ಅವಧಿಯಲ್ಲಿ ಪಡೆದದ್ದೆನಿಸುವುದೇ? ಎನಿಸುವುದಾದರೆ ಆ ಉದ್ಯೋಗ ಆರಂಭವಾದದ್ದು ಅವನ ಮನೆಯ ಹೊಸ್ತಿಲಲ್ಲಿ, ಕಾಯಿದೆಯ ರಕ್ಷಣೆಯೂ ಅಲ್ಲಿಂದಲೇ ಮೊದಲಾಗಬೇಕು. ಎನಿಸದಿದ್ದರೆ, ಅವನನ್ನು ಕಟ್ಟಿದ ಮೊದಲ ಹಗ್ಗವೇ ಕಾಯಿದೆಯ ಹೊರಗುಳಿಯಿತು. ಅದಲ್ಲದೆ, ಯಾದಗಿರಿಯಿಂದ ಬೆಂಗಳೂರಿಗೆ ಬರುವವನು ರಾಜ್ಯದ ಗಡಿಯನ್ನೇ ದಾಟದ ಕಾರಣ ಅವನಿಗೆ ಹಳೆಯ ಕಾಯಿದೆಯ ವಿಧಿಯಾಗಲಿ ಹೊಸ ಸಂಹಿತೆಯ ವಿಧಿಯಾಗಲಿ ಅನ್ವಯಿಸುವುದಿಲ್ಲ. ನಮ್ಮ ಜನರ ಗುಳೆಗೆ ವಲಸೆಯ ಕಾಯಿದೆಯೇ ಇಲ್ಲ.

ಬೆಳಗಿನ ಉಪಾಹಾರದ ವೇಳೆ ಕಾರ್ಮಿಕ ಇಲಾಖೆಯ ಮಿತ್ರರೊಬ್ಬರು, "ಹಾಗಾದರೆ ಮುಂಗಡವನ್ನೇ ನಿಷೇಧಿಸಿಬಿಡೋಣವೇ, ಸಾರ್?" ಎಂದು ಕೇಳಿದರು. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ನನ್ನ ಉತ್ತರ, ಬೇಡವೆಂದು. ಭೂಮಿಯಿಲ್ಲದ ದಂಪತಿಗಳಿಗೆ ಜಾಮೀನಿಲ್ಲದೆ, ಮಳೆಗಾಲದ ನಡುವೆ, ಮದುವೆಗೋ ಕಾಯಿಲೆಗೋ ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಡುವವರು ಇಂದು ಗುತ್ತಿಗೆದಾರರನ್ನು ಬಿಟ್ಟರೆ ಮತ್ತಾರೂ ಇಲ್ಲ. ಬ್ಯಾಂಕು ಜಾಮೀನು ಕೇಳುತ್ತದೆ. ಕಿರುಸಾಲದ ಕಂಪನಿ ಮುಂದಿನ ವಾರವೇ ಕಂತು ಕೇಳುತ್ತದೆ. ಆ ಕಂತನ್ನು ಕಟ್ಟಲೆಂದೇ ಜನ ಗುಳೆ ಹೊರಡುವುದನ್ನು ನೀವು ಬಲ್ಲಿರಿ. 2005ರ ಉದ್ಯೋಗ ಖಾತರಿ ಕಾಯಿದೆ ಮಹತ್ತಾದ ಕಾರ್ಯವೇ ಸರಿ. ಆದರೆ ಅದು ಗೊತ್ತುಮಾಡಿದ ಕೂಲಿ ದುಡಿದ ಮೇಲೆ ಬರತಕ್ಕದ್ದಾಗಿತ್ತು, ಬಡವನಿಗೆ ಹಣ ಬೇಕಾದದ್ದು ದುಡಿಯುವ ಮುಂಚೆ. ಮುಂಗಡವನ್ನು ಬರಿದೇ ನಿಷೇಧಿಸಿದರೆ ಅದು ಪುಸ್ತಕದಿಂದ ಮಾಯವಾಗಿ ಕತ್ತಲೆಗೆ ಸರಿಯುತ್ತದೆ, ಅಷ್ಟೆ.

ಹಾಗೆಂದು ಅದನ್ನು ಇದ್ದಂತೆಯೇ ಬಿಡುವುದೂ ಮಹಾಪಾಪ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ನಮ್ಮ ಬೆಳಗಾವಿ ಸೀಮೆಯವರೆಗೂ ಕಬ್ಬು ಕಡಿಯಲು ಬರುವ ಗ್ಯಾಂಗುಗಳಲ್ಲಿ ಮುಂಗಡ ಗಂಡಹೆಂಡಿರ ಜೋಡಿಗೆ. ಒಬ್ಬರು ಒಂದು ದಿನ ತಪ್ಪಿಸಿದರೂ ಜೋಡಿಗೆ ದಂಡ. ತಿಂಗಳ ನೋವಿನಿಂದ ಕೆಲಸದ ದಿನ ತಪ್ಪಬಾರದೆಂದು ಆ ಜಿಲ್ಲೆಯಲ್ಲಿ ಚಿಕ್ಕ ಪ್ರಾಯದ ಹೆಂಗಸರು ಗರ್ಭಕೋಶವನ್ನೇ ತೆಗೆಸಿಕೊಂಡ ಸಂಗತಿ 2019ರಲ್ಲಿ ಬೆಳಕಿಗೆ ಬಂದು, ಮಹಾರಾಷ್ಟ್ರ ಸರ್ಕಾರ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಆ ಹೆಂಗಸರನ್ನು ಯಾರೂ ಕದ್ದು ಸಾಗಿಸಿರಲಿಲ್ಲ.

ಸರ್ಕಾರದ ಪ್ರಯತ್ನಗಳನ್ನು ನಾನು ಹಗುರಾಗಿ ಕಾಣುವವನಲ್ಲ. 1978ರಿಂದ ಮೊದಲಾದ ಪುನರ್ವಸತಿ ಯೋಜನೆ ಇದೆ. 2021ರ ಆಗಸ್ಟಿನಲ್ಲಿ ಆರಂಭವಾದ, ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಇದೆ. ಪಡಿತರವನ್ನು ದೇಶದ ಯಾವ ಊರಿನಲ್ಲಾದರೂ ಪಡೆಯುವ ವ್ಯವಸ್ಥೆ ಇದೆ. 2020ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ವಲಸೆಗಾರರನ್ನು ಊರಿಗೆ ಒಯ್ಯುವ ಶ್ರಮಿಕ ರೈಲುಗಳನ್ನು ನಿಲ್ಲಿಸಿ, ಜನರ ಆಕ್ರೋಶ ಕಂಡು ಮತ್ತೆ ಬಿಟ್ಟ ಆ ದಿನಗಳ ತರುವಾಯ, ವಲಸೆಗಾರನೊಬ್ಬನು ಇದ್ದಾನೆಂಬ ಅರಿವಾದರೂ ಆಡಳಿತಕ್ಕೆ ಬಂದಿದೆ. ಆದರೆ 2016ರ ಪರಿಷ್ಕೃತ ಯೋಜನೆಯನ್ನು ನೋಡಿ. ಬಿಡುಗಡೆಯಾದ ಜೀತಗಾರನಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಅತಿ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಎಂದು ಗೊತ್ತುಮಾಡಿ, ಅದರ ಮುಖ್ಯಭಾಗವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟುಹಾಕಲಾಯಿತು. ನ್ಯಾಯಾಲಯದ ತೀರ್ಪಿಗಾಗಿ ವರ್ಷಗಟ್ಟಲೆ ಕಾಯುತ್ತ, ಬಿಡುಗಡೆ ಪತ್ರ ಒಂದನ್ನೇ ಕೈಯಲ್ಲಿ ಹಿಡಿದು ಊರು ಸೇರಿದವನ ಮನೆಗೆ ಮುಂದಿನ ಭಾದ್ರಪದದಲ್ಲಿ ಹಣ ತರುವವನು ಅದೇ ಸರದಾರನೇ. 2030ರೊಳಗೆ 1.84 ಕೋಟಿ ಜನರನ್ನು ಜೀತದಿಂದ ಬಿಡಿಸುವೆವೆಂದು 2016ರಲ್ಲಿ ಕೇಂದ್ರ ಸರ್ಕಾರ ಸಾರಿತು. 1978ರಿಂದ ಇದುವರೆಗೆ ಪುನರ್ವಸತಿ ಕಂಡವರು ಸುಮಾರು ಮೂರು ಲಕ್ಷ. ಈ ಅಂತರವನ್ನು ದಾಳಿಗಳ ಸಂಖ್ಯೆ ಹೆಚ್ಚಿಸುವುದರಿಂದ ತುಂಬಲಾಗದು.

ಹಾಗಾದರೆ ಮನುಷ್ಯನನ್ನು ಕಟ್ಟಿಹಾಕದ ಮುಂಗಡವೊಂದು ಸಾಧ್ಯವೇ? ಗ್ರಾಮ ಪಂಚಾಯಿತಿಯ ಎದುರಿನಲ್ಲಿ ಬರೆದಿಟ್ಟ, ವಾರವಾರದ ಬಟವಡೆಯಲ್ಲಿ ಕೂಲಿ ಕಾಣಿಸಲೇಬೇಕಾದ, ನಡುವೆ ಬಿಟ್ಟುಹೋದರೂ ಮನುಷ್ಯನನ್ನು ಹಿಡಿದು ತರುವ ಹಕ್ಕನ್ನು ಯಾರಿಗೂ ಕೊಡದ ಮುಂಗಡ? ಅಥವಾ ಸಹಕಾರ ಸಂಘವೋ ಸರ್ಕಾರವೋ ಬರಿಗೈಯ ತಿಂಗಳಿನಲ್ಲಿ ಕೊಟ್ಟು, ಹಂಗಾಮು ಮುಗಿದ ಮೇಲೆ ಹಿಂದಕ್ಕೆ ಪಡೆಯುವ ಸಾಲ? ಎರಡಕ್ಕೂ ಆಕ್ಷೇಪಗಳುಂಟು, ಅವುಗಳನ್ನು ನಾನು ಬಲ್ಲೆ, ಪೂರ್ಣವಾಗಿ ಪರಿಹರಿಸಲಾರೆ.

ಆದಕಾರಣ ಈ ವಿಚಾರಸಂಕಿರಣದ ವಿದ್ವಾಂಸರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ನಿಮ್ಮ ಪ್ರಬಂಧಗಳಲ್ಲಿ ಮುಂಗಡದ ಮೊತ್ತ, ಅದನ್ನು ಕೊಟ್ಟ ತಿಂಗಳು, ಅದು ಬೇಕಾದ ಕಾರಣ, ಅದು ತೀರಿದ ಬಗೆ, ಈ ನಾಲ್ಕನ್ನು ತಪ್ಪದೆ ದಾಖಲಿಸಿ. ಅಧಿಕಾರಿ ಮಹನೀಯರಲ್ಲಿ ಕೇಳಿಕೊಳ್ಳುವುದೇನೆಂದರೆ, ಗೂಡಿಗೂ ಗಣಿಗೂ ಕಬ್ಬಿನ ಗದ್ದೆಗೂ ಕಾಲಿಟ್ಟಾಗ ಹೊಡೆದರೇ ಎಂದು ಕೇಳುವ ಮೊದಲು ಲೆಕ್ಕದ ಪುಸ್ತಕವನ್ನು ತರಿಸಿ ನೋಡಿ. ಕೂಲಿಯ ಕಾಲಂ ಇಲ್ಲದಲ್ಲಿ ನ್ಯಾಯಾಲಯ ಹೇಳಿದಂತೆ ಜೀತವೆಂದೇ ಬರೆಯಿರಿ, ಅಲ್ಲವೆಂದು ಸಾಧಿಸುವ ಕೆಲಸ ಯಜಮಾನನದಾಗಲಿ.