ಸಚ್ಚಿಂತನೆಯೂ ದೇಹಸ್ವಾಸ್ಥ್ಯವೂ

ಚಿತ್ತವು ಕುಗ್ಗಿದರೆ ದೇಹವೂ ಕುಗ್ಗುವುದು. ಚಿಂತಾಕ್ರಾಂತನಿಗೆ ನಿದ್ರೆಯು ತಪ್ಪಿ, ಹಸಿವು ಅಡಗಿ, ನಾಡಿಯು ತೀವ್ರವಾಗುವುದು. ಧೈರ್ಯವು ನೆಲೆಗೊಂಡಲ್ಲಿ ಉಸಿರು ನಿಧಾನವಾಗಿ ನಿದ್ರೆಯು ಮರಳುವುದು. ಆದರೆ ಸಚ್ಚಿಂತನೆಯೆಂದರೆ ಕಷ್ಟಕ್ಕೆ ಕಣ್ಣು ಮುಚ್ಚುವುದೆಂದು ಅರ್ಥವಲ್ಲ. ಮಳೆ ತಪ್ಪಿದ ವರ್ಷ ಶೀಳನೆರೆಯ ರೈತನು, ಹೋದ ಬೆಳೆಯನ್ನು ಹೋಯಿತೆಂದೇ ಒಪ್ಪಿ, ರಾಗಿಗೆ ಕಾಲ ಮೀರಿದ್ದರೆ ಹುರುಳಿಯನ್ನಾದರೂ ಬಿತ್ತುವೆನೆಂದು ಹೊಲಕ್ಕೆ ನಡೆಯುವುದೇ ಸಚ್ಚಿಂತನೆ.

2015ರಲ್ಲಿ ಇದೇ ಮಂಡ್ಯ ಜಿಲ್ಲೆಯಲ್ಲಿ ಅನೇಕ ರೈತರು ಸಾಲಬಾಧೆಯಿಂದ ಪ್ರಾಣವನ್ನು ನೀಗಿದರು. ಅವರನ್ನು ಅಧೈರ್ಯರೆಂದು ಜರೆಯುವುದು ಅನ್ಯಾಯ; ಸಾಲವೂ ನಿಜವಾಗಿತ್ತು, ಕಬ್ಬಿನ ಹಣದ ಬಾಕಿಯೂ ನಿಜವಾಗಿತ್ತು. ಆದುದರಿಂದ ನೆರೆಯವನು ಮಾತು ಬಿಟ್ಟುದನ್ನು ಕಂಡವರು, ಉಪದೇಶಕ್ಕೆ ಮೊದಲು ಅವನ ಜಗಲಿಯಲ್ಲಿ ಕುಳಿತು ಅವನ ಅಳಲನ್ನು ಕೇಳತಕ್ಕದ್ದು. ವಾರಗಟ್ಟಲೆ ಬಿಡದ ಖಿನ್ನತೆಯು ವ್ಯಾಧಿಯೇ ಸರಿ; ಅದಕ್ಕೆ ವೈದ್ಯನು ಬೇಕು. 2022ರಿಂದ 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಸರ್ಕಾರದ ನೆರವೂ ಉಚಿತವಾಗಿ ದೊರೆಯುತ್ತಿರುವುದು. ಆಸರೆಯಿದ್ದಲ್ಲಿಯೇ ಸಚ್ಚಿಂತನೆಯು ಬೇರೂರುವುದು.