ಹತ್ತೊಂಬತ್ತು ವರ್ಷದ ಸುತ್ತು

ಕ್ರಿಸ್ಮಸ್ ಹಬ್ಬ ಪ್ರತಿವರ್ಷವೂ ಡಿಸೆಂಬರ್ 25ನೆಯ ತಾರೀಖಿಗೇ ಬರುತ್ತದೆ. ನಮ್ಮ ಸೀಮೆಯ ಒಕ್ಕಲುಮಕ್ಕಳ ಎಳ್ಳಮಾಸಿ ಹಾಗಲ್ಲ. ಅದು ಚಂದ್ರನನ್ನು ನಂಬಿ ನಡೆಯುವ ಹಬ್ಬ. ಮಾರ್ಗಶಿರದ ಅಮಾವಾಸ್ಯೆ ಎಂದು ಬಿದ್ದರೆ ಅಂದು ಹಬ್ಬ. ಹೀಗಾಗಿ ಡಿಸೆಂಬರಿನ ನಡುವಿನಿಂದ ಜನವರಿಯ ನಡುವಿನವರೆಗೆ ಅದು ಹಿಂದು ಮುಂದಾಗುತ್ತಿರುತ್ತದೆ. 1962ರಲ್ಲಿ ಈ ಎರಡು ಹಬ್ಬಗಳು ಒಂದರ ಮಗ್ಗುಲಿಗೆ ಒಂದು ಬಂದವು. ಕ್ರಿಸ್ಮಸ್ಸಿನ ಮರುದಿನವೇ ಎಳ್ಳಮಾಸಿ. ನನಗಾಗ ಎಂಟು ವರ್ಷ.

ನಾವಿದ್ದದ್ದು ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ. ತಂದೆಯವರು ಶಾಲೆಯ ಮಾಸ್ತರರು. ಅವರ ಹಿರಿಯರು ಗುಳೇದಗುಡ್ಡದ ನೇಕಾರರು. 1851ರಲ್ಲಿ ಬಾಸೆಲ್ ಮಿಷನ್ನಿನವರು ಅಲ್ಲಿ ನೆಲೆಯೂರಿದ ಮೇಲೆ ಕ್ರೈಸ್ತ ಸಭೆಯನ್ನು ಸೇರಿದವರು. ಕೃಷ್ಣೆಯ ಆಚೆ ಮುದಗಲ್ಲಿನಲ್ಲಿ ಆದಿಲಶಾಹಿಯ ಕಾಲದಿಂದಲೂ ಬಾಳಿಕೊಂಡು ಬಂದ ಕಥೋಲಿಕರ ಮುಂದೆ ನಮ್ಮದು ನಿನ್ನೆ ಮೊನ್ನೆಯ ಮನೆತನವೇ ಸರಿ. ನಮ್ಮ ಓಣಿಯಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಆ ಕ್ರಿಸ್ಮಸ್ಸಿನ ನಸುಕಿನಲ್ಲಿ ತಂದೆಯವರು ಕಂದೀಲಿನ ಬೆಳಕಿಗೆ ಲೂಕನ ಸುವಾರ್ತೆಯನ್ನು ಓದಿದರು. ಅವ್ವ ಮಾಡಿದ ಶೇಂಗಾ ಹೋಳಿಗೆ ನೆರೆಮನೆಗಳಿಗೆಲ್ಲ ಹೋಯಿತು. ಮರುದಿನ ಮಗ್ಗುಲ ಮನೆಯ ಕಾಕಾ ತಮ್ಮ ಚಕ್ಕಡಿಯಲ್ಲಿ ನಮ್ಮನ್ನೂ ಹತ್ತಿಸಿಕೊಂಡು ಹೊಲಕ್ಕೆ ಹೊರಟರು. ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬು, ಮೊಸರು. ಕಾಕಾ ಹೊಲದ ತುಂಬ ಚರಗ ಚೆಲ್ಲುತ್ತ ನಡೆದರು. ನಾನು ಅವರ ಹಿಂದೆ ನೀರಿನ ತಂಬಿಗೆ ಹಿಡಿದು ನಡೆದೆ. ಇದು ನಿನ್ನೆ ಕೇಳಿದ ಕಥೆಗೆ ಒಪ್ಪುವುದೋ ಒಪ್ಪದೋ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ತಂದೆಯವರಿಗೆ ಹೊಳೆದಿದ್ದರೂ ಅವರು ಬದುವಿನ ಮೇಲೆ ಕುಳಿತು ರೊಟ್ಟಿ ಉಣ್ಣುತ್ತಿದ್ದರು.

ಶ್ರೋತೃಗಳಲ್ಲಿ ನಮ್ಮ ಕಡೆಯ ಹೊಲಗಳನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಡಿಸೆಂಬರಿನಲ್ಲಿ ಅಲ್ಲಿ ನಿಂತಿರುವುದು ಹಿಂಗಾರಿಯ ಬಿಳಿಜೋಳ. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಕೂರಿಗೆ ಹೂಡಿ ಬಿತ್ತಿದ ಮೇಲೆ ಅದರ ತಲೆಯ ಮೇಲೆ ಮಳೆ ಬೀಳುವುದು ಕಡಿಮೆ. ಎಷ್ಟೋ ವರ್ಷ ಬೀಳುವುದೇ ಇಲ್ಲ. ಮುಂಗಾರಿನಲ್ಲಿ ಎರೆಮಣ್ಣು ಕುಡಿದಿಟ್ಟುಕೊಂಡ ತೇವವೇ ಅದಕ್ಕೆ ಆಧಾರ. ಮೇಲಿನ ಮಣ್ಣು ಒಣಗಿ ಬಿರುಕು ಬಿಡುತ್ತದೆ. ಬಿರುಕಿನಿಂದ ತೇವ ಹಾರಿಹೋಗದಿರಲೆಂದು ರೈತ ಎಡೆಕುಂಟೆ ಹೊಡೆದು ಅದನ್ನು ಮುಚ್ಚುತ್ತಾನೆ. ನೋಡುವವರಿಗೆ ಆ ನೆಲ ಬೂದಿಯಂತೆ ಒಣಗಿದೆ. ಮೇಲೆ ಆಳುದ್ದದ ದಂಟು, ಹಾಲು ತುಂಬುತ್ತಿರುವ ತೆನೆ. ನಂಬಿಕೆ ಎಂಬ ಶಬ್ದವನ್ನು ಸಭೆಯಲ್ಲಿ ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಈ ಹೊಲ. ಎಂದೋ ಬಿದ್ದು ನಿಂತುಹೋದ ಮಳೆಯನ್ನು ಕುಡಿದು ಇಂದು ಬದುಕುವುದು.

ಎರಡನೆಯ ಸಲ ಈ ಹಬ್ಬಗಳು ಜೋಡಿಯಾಗಿ ಬಂದದ್ದು 1981ರಲ್ಲಿ. ಆಗ ನಾನು ಶಿವಮೊಗ್ಗದಲ್ಲಿ ಗಣಿತದ ಅಧ್ಯಾಪಕ, ವಯಸ್ಸು ಇಪ್ಪತ್ತೇಳು. ಅವ್ವನಿಗೆ ಅಕ್ಷರ ಬರುತ್ತಿತ್ತು, ಆದರೆ ಕಾಗದ ಬರೆಯುವುದು ಅಪರೂಪ. ಆ ವರ್ಷ ಬರೆದಿದ್ದಳು: “ನಮ್ಮ ಹಬ್ಬ, ಎಳ್ಳಮಾಸಿ ಎರಡೂ ಜೋಡೀಲೆ ಬಂದಾವ. ನೀ ಸಣ್ಣಾವ ಇದ್ದಾಗ ಹಿಂಗ ಬಂದಿದ್ದುವು. ಬಂದು ಹೋಗಪಾ.” ನನ್ನ ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟುಗಳಿದ್ದವು. ಒಂದು ದಿನ ಒಂದು ರಾತ್ರಿಯ ಪ್ರಯಾಣ. ಬರುವ ವರ್ಷ ತಪ್ಪದೆ ಬರುತ್ತೇನೆ, ಎರಡೂ ಹಬ್ಬ ಮಾಡೋಣ ಎಂದು ಬರೆದು ಹಾಕಿದೆ.

ಗಣಿತದ ಅಧ್ಯಾಪಕನು ಬರೆಯಬಾರದಾಗಿದ್ದ ವಾಕ್ಯವದು. ಹತ್ತೊಂಬತ್ತು ಸೌರವರ್ಷಗಳೂ ಇನ್ನೂರ ಮೂವತ್ತೈದು ಚಾಂದ್ರಮಾಸಗಳೂ ಹೆಚ್ಚು ಕಡಿಮೆ ಸಮ. ವ್ಯತ್ಯಾಸ ಎರಡು ಗಂಟೆಯಷ್ಟು. ಆದ್ದರಿಂದ ತಿಥಿಗೂ ತಾರೀಖಿಗೂ ಒಮ್ಮೆ ಬಿದ್ದ ಗಂಟು ಬಿಚ್ಚಿಹೋಗಿ ಹತ್ತೊಂಬತ್ತು ವರ್ಷಕ್ಕೆ ಮತ್ತೆ ಬೀಳುತ್ತದೆ. ಗ್ರೀಕರ ಮೆಟನ್ ಎಂಬ ಜ್ಯೋತಿಷಿಯ ಹೆಸರಿನಲ್ಲಿ ಇದು ಪ್ರಸಿದ್ಧ. ಅವ್ವನಿಗೆ ಮೆಟನ್ ಗೊತ್ತಿರಲಿಲ್ಲ. ಆದರೆ ಹಿಂದಿನ ಸಲ ನಾನು ಎಷ್ಟು ಎತ್ತರವಿದ್ದೆನೆಂಬುದು ಗೊತ್ತಿತ್ತು. ನನಗೆ ಲೆಕ್ಕ ಗೊತ್ತಿತ್ತು. ಅದನ್ನು ನನ್ನ ಕಾಗದಕ್ಕೆ ಹಚ್ಚಿ ನೋಡಲಿಲ್ಲ. 1982ರ ಮಳೆಗಾಲದಲ್ಲಿ ಅವ್ವ ತೀರಿಕೊಂಡಳು.

ಆ ಬಳಿಕ ಈ ಹತ್ತೊಂಬತ್ತರ ಸಂಖ್ಯೆ ನನ್ನ ಬೆನ್ನು ಬಿಡಲಿಲ್ಲ. ಅದರ ಹಿಂದೆ ಹೋಗಿ ನಮ್ಮ ಪಂಚಾಂಗದ ಚರಿತ್ರೆಯನ್ನೂ ಅಷ್ಟಿಷ್ಟು ಓದಿದೆ. ರೋಮಿನಲ್ಲಿದ್ದ ದಿಯೊನೀಸಿಯಸ್ ಎಂಬ ಸನ್ಯಾಸಿ 525ರಲ್ಲಿ ಪುನರುತ್ಥಾನ ಹಬ್ಬದ ದಿನಗಳನ್ನು ಗೊತ್ತುಮಾಡುವ ಕೋಷ್ಟಕವನ್ನು ಸಿದ್ಧಪಡಿಸಿದ. ಅದೂ ಹತ್ತೊಂಬತ್ತು ವರ್ಷದ ಸುತ್ತನ್ನೇ ಹಿಡಿದದ್ದು. ಕ್ರೈಸ್ತರನ್ನು ಹಿಂಸಿಸಿದ ದಿಯೊಕ್ಲೆಷಿಯನ್ ಚಕ್ರವರ್ತಿಯ ಹೆಸರಿನ ಶಕೆಯನ್ನು ಬಳಸಲು ಮನಸ್ಸೊಪ್ಪದೆ, ಕ್ರಿಸ್ತನ ಅವತಾರದಿಂದ ವರ್ಷಗಳನ್ನು ಎಣಿಸಿದ. ಇಂದು ಜಗತ್ತೆಲ್ಲ ಬಳಸುವ ಇಸವಿ ಹೀಗೆ ಹುಟ್ಟಿತು. ಆದರೆ ಆ ಎಣಿಕೆ ತಪ್ಪಿತ್ತು. ಯೇಸು ಹುಟ್ಟಿದಾಗ ಆಳುತ್ತಿದ್ದ ಹೆರೋದರಸ ಕ್ರಿಸ್ತಪೂರ್ವ 4ರಲ್ಲಿ ಸತ್ತನೆಂದು ಹೆಚ್ಚಿನ ವಿದ್ವಾಂಸರ ಮತ. ಅಂದಮೇಲೆ ಕ್ರಿಸ್ತನು ಕ್ರಿಸ್ತಪೂರ್ವದಲ್ಲಿಯೇ ಹುಟ್ಟಿದನೆನ್ನಬೇಕು! ಇನ್ನು 25ನೆಯ ತಾರೀಖು. ಅದು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ರೋಮಿನ ಸಭೆ ಅದನ್ನು ಆಚರಿಸುತ್ತಿದ್ದುದಕ್ಕೆ ಸಿಗುವ ಹಳೆಯ ಆಧಾರ 336ರದು. ಇದನ್ನು ತಿಳಿದು ಕೆಲವರು ನಂಬಿಕೆ ಸಡಿಲವಾಯಿತೆನ್ನುತ್ತಾರೆ. ನನಗೆ ಹಾಗಾಗಲಿಲ್ಲ. ಎಣಿಕೆಯಲ್ಲಿ ತಪ್ಪಿದವನು ನಾನೊಬ್ಬನೇ ಅಲ್ಲವೆಂಬ ಸಮಾಧಾನ ಸಿಕ್ಕಿತು.

2000ದಲ್ಲಿ ಎಳ್ಳಮಾಸಿ ಕ್ರಿಸ್ಮಸ್ಸಿನ ದಿನವೇ ಬಂತು. ಈ ಸಲ ನಾನು ಹೋದೆ. ತಂದೆಯವರು ನಿವೃತ್ತರಾದ ಮೇಲೂ ಕನ್ನೊಳ್ಳಿಯನ್ನು ಬಿಟ್ಟಿರಲಿಲ್ಲ. ಕಣ್ಣು ಮಂಜಾಗಿತ್ತು. ಓದಲು ಸತ್ಯವೇದವನ್ನು ನನ್ನ ಕೈಗೆ ಕೊಟ್ಟರು. ನಾನು ಕುರುಬರ ಪ್ರಸಂಗಕ್ಕೆ ಮೊದಲು ಮಾಡಿದೆ. ಅವರು ಕೈಯೆತ್ತಿ ತಡೆದು, “ಅದು ಹುಡುಗರ ಪಾಠ. ಮುಂದ ಹೋಗು, ಮುದುಕರದು ಐತಿ” ಎಂದರು.

ಮುಂದೆ ಇರುವುದು ಸಿಮೆಯೋನನ ಪ್ರಸಂಗ. ಕೂಸಿಗೆ ನಾಲ್ವತ್ತು ದಿನವಾದ ಮೇಲೆ ತಾಯಿತಂದೆಗಳು ಅದನ್ನು ಯೆರೂಸಲೇಮಿನ ದೇವಾಲಯಕ್ಕೆ ತರುತ್ತಾರೆ. ಅಲ್ಲಿ ಜೀವಮಾನವೆಲ್ಲ ಕಾದುಕೊಂಡಿದ್ದ ಸಿಮೆಯೋನ ಅದನ್ನು ಕೈಯಲ್ಲಿ ಎತ್ತಿಕೊಂಡು, ಇನ್ನು ನನ್ನನ್ನು ಕಳಿಸಿಕೊಡು ಎಂದು ದೇವರನ್ನು ಕೇಳುತ್ತಾನೆ. ಅವನ ವಯಸ್ಸನ್ನು ಲೂಕ ಹೇಳುವುದಿಲ್ಲ. ಮುದುಕನೆಂದು ತಿಳಿದವರು ನಾವು. ವಯಸ್ಸು ಹೇಳಿರುವುದು ಅಲ್ಲಿಯೇ ಇದ್ದ ಅನ್ನಳೆಂಬ ವಿಧವೆಯದು: ಎಂಬತ್ತನಾಲ್ಕು. ಆ ಕೂಸು ಬೆಳೆದು ಏನು ಮಾಡಿತೆಂಬುದನ್ನು ಅವರಿಬ್ಬರೂ ನೋಡಿದರೆಂದು ಸುವಾರ್ತೆ ಹೇಳುವುದಿಲ್ಲ. ಕೈಯಲ್ಲಿ ಹಿಡಿದ ಭಾರವಷ್ಟೇ ಅವರ ಪಾಲಿಗೆ ಬಂದದ್ದು. ತಂದೆಯವರು ಕೇಳಿ ಸುಮ್ಮನೆ ಕುಳಿತರು. ಆಮೇಲೆ ಅವರಿಗೆ ಪ್ರಿಯವಾಗಿದ್ದ ಕಿಟೆಲರ ಮಾತು ತೆಗೆದರು. 1853ರಲ್ಲಿ ಇಪ್ಪತ್ತೊಂದರ ಹುಡುಗನಾಗಿ ಕನ್ನಡ ನಾಡಿಗೆ ಬಂದವರು. ಅವರ ನಿಘಂಟು ಅಚ್ಚಾಗಿ ಹೊರಬಂದದ್ದು 1894ರಲ್ಲಿ. ನನ್ನ ಲೆಕ್ಕದಲ್ಲಿ ಎರಡು ಸುತ್ತು, ಮೇಲೆ ಮೂರು ವರ್ಷ. 1903ರಲ್ಲಿ ಕ್ರಿಸ್ಮಸ್ಸಿಗೆ ಒಂದು ವಾರವಿರುವಾಗ ಜರ್ಮನಿಯಲ್ಲಿ ತೀರಿಕೊಂಡರು. “ಅವರ ಕೆಲಸ ಆಗಿತ್ತು ನೋಡು” ಎಂದರು ತಂದೆಯವರು. ಅವ್ವನ ಹೆಸರನ್ನು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಮಧ್ಯಾಹ್ನ ಹೊಲಕ್ಕೆ ಕರೆದೊಯ್ದೆ. ಬಾಗಿ, ಒಣಗಿದ ಮಣ್ಣನ್ನು ಬೆರಳಿನಿಂದ ಗೇಣುದ್ದ ಬಗೆದು, ಒಳಗಿನ ಮಣ್ಣನ್ನು ನನ್ನ ಅಂಗೈಯಲ್ಲಿಟ್ಟರು. ತಣ್ಣಗಿತ್ತು.

2019ರಲ್ಲಿ ತಂದೆಯವರು ಇರಲಿಲ್ಲ. ಎಂಟು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಕಾಕಾನ ಮಕ್ಕಳ ಮನೆಯಲ್ಲಿ ಇಳಿದುಕೊಂಡೆ. ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವೆಂದು ಅವರು ಹಿಂದಿನ ದಿನವೇ, ಕ್ರಿಸ್ಮಸ್ಸಿನ ಮಧ್ಯಾಹ್ನ, ಅಮಾವಾಸ್ಯೆ ಹತ್ತಿದ ಮೇಲೆ ಚರಗ ಚೆಲ್ಲಿದರು. ಚಕ್ಕಡಿಯ ಬದಲು ಟ್ರ್ಯಾಕ್ಟರು. ನೀರಿನ ತಂಬಿಗೆ ಹಿಡಿದು ಹಿಂದೆ ನಡೆದವಳು ಮೊಮ್ಮಗಳು. ಮುಂಚೆ ಬಿತ್ತಿದ ಒಂದು ಪಟ್ಟಿಯಲ್ಲಿ ತೆನೆ ಎಳೆಗಾಳಾಗಿತ್ತು. ಸೀತನಿ ಸುಟ್ಟು ತಿಕ್ಕಿ ಕೊಟ್ಟರು. ತಿನ್ನುತ್ತ ಅವಳು ಕೇಳಿದಳು:

“ಅಜ್ಜಾ, ಎರಡೂ ಹಬ್ಬ ಮತ್ತ ಹಿಂಗ ಯಾವಾಗ ಬರ್ತಾವ?”

“2038ಕ್ಕ.”

“ಆಗ ನೀ ಬರ್ತೀ?”

ಆಗ ನನಗೆ ಎಂಬತ್ತನಾಲ್ಕು, ಅವಳಿಗೆ ಇಪ್ಪತ್ತೇಳು. ಬರುತ್ತೇನೆಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ. ಬದುವಿನ ಮೇಲೆ ಅವಳನ್ನು ಕೂಡ್ರಿಸಿಕೊಂಡು, ಸೀತನಿಯ ಕಾಳುಗಳನ್ನು ಹತ್ತೊಂಬತ್ತರಂತೆ ಸಾಲು ಹಚ್ಚಿ, ಎಣಿಸುವುದು ಹೇಗೆಂದು ತೋರಿಸಿಕೊಟ್ಟೆ. ಎರಡು ಸಾಲು ಆಗುವಷ್ಟರಲ್ಲಿ ಅವಳು ಕಾಳುಗಳನ್ನೆಲ್ಲ ಬಾಯಿಗೆ ಹಾಕಿಕೊಂಡು ಹಕ್ಕಿ ಓಡಿಸಲು ಓಡಿಬಿಟ್ಟಳು.